ಗಿರಣಿಯ ಮುಂದೆ ನಿಂತ ತೂಕ

ಸಿದ್ರಾಮಪ್ಪ: ಇಳಿಯೇ ಸಾವಂತ್ರಿ, ಗಾಡಿ ಹಿಂದಕ್ಕ ಜಾರಾಕತ್ತದ!

ಸಾವಂತ್ರವ್ವ: ಇಳ್ಯಾಂಗಿಲ್ಲ ಅಂದ್ರ ಇಳ್ಯಾಂಗಿಲ್ಲ. ಬ್ರೇಕ್ ಗಟ್ಟಿ ಹಿಡೀರಿ.

ಸಿದ್ರಾಮಪ್ಪ: ದಿನಾ ಬಾಯಿ ಮುಚ್ಕೊಂಡು ಇಳೀತಿದ್ದಿ. ಇವತ್ತೇನ ಬಂತ ನಿನಗ?

ಸಾವಂತ್ರವ್ವ: ನಾಳೆ ಬಾರಾಮತಿಯಿಂದ ನಿಮ್ಮ ತಂಗಿ ಬರ್ತಾಳ. ಮನಿ ಮುಂದಿನ ಗ್ಯಾಲರಿಯೊಳಗ ನಿಂತು ನಮ್ಮ ದಾರಿ ನೋಡ್ತಾಳ. ನೀವು ಮದಿಮಗನಂಗ ಗಾಡಿ ಮ್ಯಾಲ, ನಾ ಹಿಂದ ತೇಕ್ಕೊಂತ. "ಹೊಸ ಮನಿ ತಗೊಂಡಾರ, ವೈನಿಗೆ ಗಾಡಿ ಮ್ಯಾಲ ಜಾಗಾ ಇಲ್ಲ" ಅಂತ ಬಳಗದಾಗೆಲ್ಲಾ ಡಂಗುರ ಹೊಡೀತಾಳ. ಒಂದ ಸಲನರೆ ಕುಂತು ಮನಿ ಮುಟ್ಟಬೇಕ್ರಿ ನಾ. ಇವತ್ತ ತಾಲೀಮು.

ಪುಣೆಯ ಕೊಂಢವಾ ಬಡಾವಣೆಯ ಆ ಏರಿನ ನೆತ್ತಿಯ ಮೇಲೆ ಮನೆ ಕೊಂಡಾಗ ಸಿದ್ರಾಮಪ್ಪ ಗಾಳಿ ನೋಡಿದ, ಬೆಳಕು ನೋಡಿದ, ನಳದ ನೀರು ನೋಡಿದ. ಏರನ್ನು ಮಾತ್ರ ನೋಡಲಿಲ್ಲ. ಸಂಜೆ ಆಫೀಸಿನಿಂದ ಬರುತ್ತ, ಕೆಳಗಿನ ಬಾಲವಾಡಿಯಲ್ಲಿ ಕಲಿಸುವ ಹೆಂಡತಿಯನ್ನು ಹಳೆಯ ಮೊಪೆಡ್ಡಿನ ಹಿಂದೆ ಕೂಡಿಸಿಕೊಂಡರೆ ಗಾಡಿ ಏರಿನ ಬುಡದ ಲಾಂಡ್ರಿಯ ಮುಂದೆಯೇ ಉಸಿರು ಬಿಡುತ್ತಿತ್ತು. ಡಾಕ್ಟರರೂ ಅವನಿಗೆ ತೂಕ ಇಳಿಸಿ ಎಂದಿದ್ದರು. ಚಹಾದ ಸಕ್ಕರೆ ಬಿಟ್ಟ ಮೇಲೆ ಗಾಡಿ ಟೇಲರ್ ಅಂಗಡಿಯವರೆಗೆ ಏರಿತು. ಅನ್ನ ಬಿಟ್ಟ ಮೇಲೆ ಹಿಟ್ಟಿನ ಗಿರಣಿಯವರೆಗೆ ಏರಿತು. ಬೇರೆಯವರು ಯಂತ್ರದ ಮೇಲೆ ನಿಂತು ತೂಕ ನೋಡಿಕೊಂಡರೆ ಈ ದಂಪತಿಗೆ ಏರೇ ತಕ್ಕಡಿ. ಆದರೆ ಗಣಪತಿ ಹೋಗಿ ದಸರೆ ಮುಗಿದರೂ ಗಾಡಿ ಗಿರಣಿಯಿಂದ ಒಂದು ಗೇಣು ಮುಂದೆ ಹೋಗಿರಲಿಲ್ಲ.

ಸಿದ್ರಾಮಪ್ಪ: ಇಂಜಿನ್ ಹಳೇದಾಗೇದ, ಅದಕ್ಕ ನಾ ಏನ್ ಮಾಡ್ಲಿ? ಈ ಏರರೆ ಎಷ್ಟ ಕಡಿದದ ನೋಡು.

ಸಾವಂತ್ರವ್ವ: ಕುಣ್ಯಾಕ ಬರ್ದಾಕಿ ಅಂಗಳ ಡೊಂಕ ಅಂದ್ಲಂತ.

ಸಿದ್ರಾಮಪ್ಪ: ಮತ್ತ ನಾ ಏನ್ ಬಿಡೂದು ಬಾಕಿ ಅದ ಹೇಳು! ಸಕ್ರಿ ಬಿಟ್ಟೆ, ಅನ್ನಾ ಬಿಟ್ಟೆ, ಮಿರ್ಚಿ ಭಜಿ ಬಿಟ್ಟೆ. ಸ್ವಾಮಾರ, ಗುರುವಾರ, ಶನಿವಾರ ಉಪಾಸ ಮಾಡ್ತೀನಿ. ಇವತ್ತೂ ಉಪಾಸ ನಂದು.

ಸಾವಂತ್ರವ್ವ: ಅದು ಉಪಾಸ! ಮುಂಜಾನೆ ಸಾಬುದಾಣಿ ಖಿಚಡಿ, ಮಧ್ಯಾಹ್ನ ಡಬ್ಬಿಗೆ ಥಾಲಿಪೀಠ, ಮ್ಯಾಲ ಬೆಣ್ಣಿ, ಸಂಜಿಗೆ ಬಟಾಟಿ ಚಿವಡಾ. ನಮ್ಮೂರಾಗ ಉಪಾಸ ಅಂದ್ರ ನೀರ ಕುಡದು ಗ್ವಾಡಿಗೆ ಆನಕೊಂಡು ಕುಂದರತಿದ್ರು. ನಿಮ್ಮ ಉಪಾಸದ ದಿನ ನನಗ ಒಲಿ ಮುಂದಿಂದ ಏಳಾಕ ಆಗಂಗಿಲ್ಲ.

ಸಿದ್ರಾಮಪ್ಪ: ಅದು ಫರಾಳ, ಉಪಾಸದ ತಿನಿಸು. ಊಟ ಅಲ್ಲ. ಪುಣೆದಾಗ ಎಲ್ಲಾರೂ ಹಿಂಗ ಮಾಡ್ತಾರ.

ಸಾವಂತ್ರವ್ವ: ಹೊಟ್ಟಿಗೆ ಮರಾಠಿ ತಿಳೀತದೇನ್ರಿ? ಅದು ಊಟಾನ ಅಂತ ತಿಳ್ಕೊಂಡು ಕುಂತದ.

ಈ ಗದ್ದಲ ಕೇಳಿ ಗಿರಣಿಯ ಹುಲಿಗೆಪ್ಪ ಹೊರಗೆ ಬಂದ. ಲಿಂಗಸುಗೂರ ಕಡೆಯವನು, ಮೀಸೆ ಹುಬ್ಬು ಎಲ್ಲ ಹಿಟ್ಟು. ಕೈಯಲ್ಲಿ ಕಟ್ಟಿಟ್ಟ ಚೀಲವೊಂದಿತ್ತು.

ಹುಲಿಗೆಪ್ಪ: ಬರ್ರಿ ಸಾಹೇಬ್ರ! ಅಕ್ಕಾರೂ ಬಂದಾರ, ಭಾಳ ಸಂತೋಷ. ದಿನಾ ಅಕ್ಕಾರು ಇಳಿದವ್ರ ಮಾರಿ ಸೈತ ತಿರುಗಿಸದ ನಡದ ಬಿಡ್ತಿದ್ರು. ತಗೋರಿ, ನಿಮ್ಮ ಹಿಟ್ಟು ತಯಾರ ಅದ.

ಸಾವಂತ್ರವ್ವ: ಯಾವ ಹಿಟ್ಟು?

ಹುಲಿಗೆಪ್ಪ: ಉಪಾಸದ್ರಿ ಅಕ್ಕಾರ. ಸಾಬುದಾಣಿ, ರಾಜಗಿರಿ, ವರಿ ಅಕ್ಕಿ ಹುರದು ಬೀಸಿದ್ದು. ಸಾಹೇಬ್ರು ಇಲ್ಲಿ ನಿಂತಾಗೆಲ್ಲಾ ಒಯ್ತಾರಲ್ರಿ.

ಸಾವಂತ್ರವ್ವ: ನಿಂತಾಗೆಲ್ಲಾ? ಡಬ್ಬಿ ತುಂಬಿ, ಕೊಡಾ ತುಂಬಿ, ಹಿಟ್ಟು ದೇವರ ಜಗಲಿ ತನಕಾ ಬಂದದ. ನಿಮಗ ಥಾಲಿಪೀಠದ ಹುಚ್ಚ ಹಿಡದದ ಅಂತ ತಿಳ್ಕೊಂಡಿದ್ದೆ ನಾ!

ಸಿದ್ರಾಮಪ್ಪ: (ಮೆಲ್ಲಗೆ) ಬೀದ್ಯಾಗ ಬ್ಯಾಡ. ಮನಿಗೆ ನಡಿ, ಹೇಳ್ತೀನಿ.

ಸಾವಂತ್ರವ್ವ: ಗಾಡಿ ನಡದ್ರ ಮನಿಗೆ ಹೋಗಬೇಕಲ್ಲ! ಇಲ್ಲೇ ಹೇಳ್ರಿ.

ಸಿದ್ರಾಮಪ್ಪ: ಅಲ್ಲ, ದಿನಾ ಒಬ್ಬರ ಬಾಗಿಲ ಮುಂದ ಬಂದು ಸುಮ್ನ ನಿಂತ್ರ ಮಂದಿ ಏನ್ ಅಂದಾರು? ಹೆಂಡ್ತಿನ್ನ ಹೊತ್ತು ಗಾಡಿ ಏರಂಗಿಲ್ಲ ಅಂದಾರು. ಅದಕ್ಕ ಹಿಟ್ಟಿಗಂತ ನಿಲ್ಲಿಸೀನಿ ಅಂತ ಹೇಳಿದೆ.

ಸಾವಂತ್ರವ್ವ: ನಿಲ್ಲಿಸ್ಲಿಲ್ಲ ನೀವು. ಅದು ನಿಂತಿತು!

ಸಿದ್ರಾಮಪ್ಪ: ಎರಡೂ ಒಂದ.

ಸಾವಂತ್ರವ್ವ: ಒಂದ ಹೆಂಗ್ರಿ? ಲಾಂಡ್ರಿ ಮುಂದ ನಿಂತಾಗ ಏನ್ ಮಾಡಿದ್ರಿ?

ಸಿದ್ರಾಮಪ್ಪ: ಇಸ್ತ್ರಿಗೆ ಅಂಗಿ ಕೊಟ್ಟೆ.

ಸಾವಂತ್ರವ್ವ: ಅಂಗಿ ತಿನ್ನಾಕ ಬರಂಗಿಲ್ಲ, ತೂಕ ಇಳೀತು. ಟೇಲರ್ ಮುಂದ?

ಸಿದ್ರಾಮಪ್ಪ: ಕಾಯಿಪಲ್ಯಾ ತರಾಕ ಪಿಶವಿ ಚೀಲಾ ಹೊಲಿಸಿದೆ.

ಸಾವಂತ್ರವ್ವ: ಪಿಶವೀನೂ ತಿನ್ನಾಕ ಬರಂಗಿಲ್ಲ, ಮತ್ತ ಇಳೀತು. ಗಿರಣಿ ಮುಂದ ಬಂದು ನಿಂತ್ರಿ, ಹಿಟ್ಟ ಒಯ್ದ್ರಿ. ಒಯ್ದ ಹಿಟ್ಟು ಹುಳಾ ಬೀಳತದಂತ ನಾ ಥಾಲಿಪೀಠ ತಟ್ಟಿ ಹಾಕಿದೆ, ನೀವು ತಿಂದ್ರಿ. ತಿಂದಿದ್ದಕ್ಕ ಗಾಡಿ ಮತ್ತ ಗಿರಣಿ ಮುಂದ ನಿಂತಿತು. ನಿಂತಿದ್ದಕ್ಕ ಮತ್ತ ಹಿಟ್ಟ ಒಯ್ದ್ರಿ! ಗಾಣದ ಎತ್ತರೆ ಎಣ್ಣಿ ತಗೀತದ್ರಿ.

ಆಫೀಸಿನಲ್ಲಿ ಹತ್ತು ಜನರ ಲೆಕ್ಕದ ತಪ್ಪು ಹಿಡಿಯುವ ಸಿದ್ರಾಮಪ್ಪ ತನ್ನ ಹೊಟ್ಟೆಯ ಲೆಕ್ಕದಲ್ಲಿ ಸಿಕ್ಕಿಬಿದ್ದಿದ್ದ. ನಾಚಿಕೆ ಆಯಿತು, ಅದಕ್ಕಿಂತ ಹೆಚ್ಚಾಗಿ ನಗು ಬಂತು. ಕಡೆಗೆ ಅವನು ಹುಲಿಗೆಪ್ಪ ಚಾಚಿದ ಚೀಲವನ್ನು ಹಿಂದಕ್ಕೆ ತಳ್ಳಿದ.

ಸಿದ್ರಾಮಪ್ಪ: ಹಿಟ್ಟ ಬ್ಯಾಡಪಾ ಹುಲಿಗೆಪ್ಪ. ಖರೇ ಹೇಳ್ತೀನಿ, ಗಾಡಿ ಏರವಲ್ದು. ಅದಕ್ಕ ನಿಂದ್ರತಿದ್ದೆ.

ಹುಲಿಗೆಪ್ಪ: ನನಗ ಮೊದಲ ದಿನಾನ ಗೊತ್ತಿತ್ರಿ ಸಾಹೇಬ್ರ. ಇಡೀ ಏರಿಗೇ ಗೊತ್ತದ.

ಸಿದ್ರಾಮಪ್ಪ: ಮತ್ತ ಯಾಕ ಬೀಸಿ ಬೀಸಿ ಕೊಟ್ಟಿ?

ಹುಲಿಗೆಪ್ಪ: ದೊಡ್ಡವ್ರ ಮರ್ಯಾದಿ ಪ್ರಶ್ನೆ ಅಲ್ರಿ! ಅಷ್ಟ ಅಲ್ಲ, ನೀವೊಬ್ರ ಅಲ್ರಿ. ಇವತ್ತ ಮಧ್ಯಾಹ್ನ ಒಂದು ರಿಕ್ಷಾನೂ ಇಲ್ಲೇ ಕುಂತ ಬಿಟ್ಟಿತು. ಅದರಾಗಿಂದ ಒಬ್ಬ ಅಕ್ಕಾರು ಇಳಿದು, ಹಿಟ್ಟಿಗಂತನ ಬಂದೋರಂಗ ಚೀಲಾ ತುಂಬಿಸ್ಕೊಂಡು ಹ್ವಾದ್ರು.

ಅಷ್ಟರಲ್ಲಿ ಸಾವಂತ್ರವ್ವ ತಾನಾಗಿಯೇ ಇಳಿದಿದ್ದಳು. ಗೆದ್ದೆ ಎಂದುಕೊಂಡ ಸಿದ್ರಾಮಪ್ಪನಿಗೆ ಆಕೆ ಹ್ಯಾಂಡಲ್ ಹಿಡಿದಾಗ ಗಾಬರಿಯಾಯಿತು.

ಸಾವಂತ್ರವ್ವ: ನೀವೂ ಇಳೀರಿ.

ಸಿದ್ರಾಮಪ್ಪ: ಯಾಕ?

ಸಾವಂತ್ರವ್ವ: ಒಬ್ರು ಇಳೀಬೇಕು ಅಂದ್ರ ದಿನಾ ನಾನ ಯಾಕ? ಡಾಕ್ಟರ್ ನಡೀರಿ ಅಂದದ್ದು ನಿಮಗ. ನಡದದ್ದು ನಾ.

ಸಿದ್ರಾಮಪ್ಪ: ಏ, ನಿನಗ ಗಾಡಿ ಹೊಡ್ಯಾಕ ಎಲ್ಲಿ ಬರ್ತದ?

ಸಾವಂತ್ರವ್ವ: ಐತವಾರ ಮುಂಜಾನೆ ನೀವು ಮಲಗಿರ್ತೀರಿ, ಕಾಯಿಪಲ್ಯಾ ತಾನ ನಡಕೊಂತ ಬರ್ತದೇನು?

ಗಾಡಿ ಎರಡು ಸಲ ಕೆಮ್ಮಿ ಏರು ಹತ್ತಿತು. ಸಾವಂತ್ರವ್ವ ಸೆರಗು ಬಿಗಿದು ಕಟ್ಟಿ, ಹಿಂದೆ ನೋಡದೆ ಹೋದಳು. ಸಿದ್ರಾಮಪ್ಪ ನಡೆದ. ಮನೆಯ ಮುಂದೆ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು, ಆದರೆ ಮೈ ಏಕೋ ಹಗುರಾಗಿತ್ತು. ಮೇಲೆ ನೋಡಿದರೆ, ಗ್ಯಾಲರಿಯಲ್ಲಿ ಅಣ್ಣನಷ್ಟೇ ಮೈಯುಳ್ಳ ತಂಗಿ ಚನ್ನಬಸವ್ವ! ಒಂದು ದಿನ ಮೊದಲೇ ಬಂದು, ಪಕ್ಕದ ಮನೆಯವರಿಂದ ಕೀಲಿ ಇಸಿದುಕೊಂಡು ಕೂತಿದ್ದಳು. ಗಾಡಿ ಮೇಲೆ ಬಂದ ಅತ್ತಿಗೆಯನ್ನು ಕಣ್ಣಾರೆ ನೋಡಿದ್ದಳು. ಸಾವಂತ್ರವ್ವನ ಮುಖ ಹಬ್ಬದ ದಿನದಂತಿತ್ತು.

ಚನ್ನಬಸವ್ವ: ವೈನಿ ರಾಣಿಯಂಗ ಗಾಡಿ ಮ್ಯಾಲ ಬಂದ್ರು! ನೀ ಯಾಕ ಅಣ್ಣಾ ಹಿಂದಿಂದ ತೇಕ್ಕೊಂತ ಬರಾಕತ್ತಿ?

ಉತ್ತರ ಕೊಡಲು ಒಳಗೆ ಕಾಲಿಟ್ಟ ಸಿದ್ರಾಮಪ್ಪನ ಕಣ್ಣು ಅಡುಗೆಕಟ್ಟೆಯಲ್ಲಿದ್ದ ಚೀಲದ ಮೇಲೆ ಬಿತ್ತು. ಬಾಯಿ ಕಟ್ಟಿದ ದಾರ, ಮೈಮೇಲೆ ಬಿದ್ದ ಬಿಳಿ ಪುಡಿ, ಎಲ್ಲ ಗುರುತಿನವೇ.

ಸಿದ್ರಾಮಪ್ಪ: ಇದೇನ ತಂಗೀ?

ಚನ್ನಬಸವ್ವ: (ಸೆರಗು ಸರಿಮಾಡಿಕೊಳ್ಳುತ್ತ) ಉಪಾಸದ ಹಿಟ್ಟು. ಬರೋ ದಾರ್ಯಾಗ ಒಂದು ಛಲೋ ಗಿರಣಿ ಕಂಡ್ತು. ಹೆಂಗೂ ಹೊಂಟೀನಿ ಅಂತ ರಿಕ್ಷಾ ನಿಲ್ಲಿಸಿದೆ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಾವಂತ್ರವ್ವ: ನೀ ನಿಲ್ಲಿಸಿದ್ಯೋ ಬಸವ್ವಾ, ತಾನ ನಿಂತಿತೋ?

ಚನ್ನಬಸವ್ವ ಅಣ್ಣನ ಕಡೆ ನೋಡಿದಳು. ಅಣ್ಣ ಸೂರು ನೋಡಿದ.

ಸಾವಂತ್ರವ್ವ: ಇರ್ಲಿ ಬಿಡು. ನಾಳಿಂದ ಅಣ್ಣಾ ತಂಗಿ ಇಬ್ರೂ ಜೋಡಿಲೆ ನಡಕೊಂತ ಬರ್ರಿ. ಗಾಡಿ ನಾ ತರ್ತೀನಿ.