ಡೇರೆ ಶಿಬಿರಕ್ಕೆ ಭೇಟಿ ಕೊಡಲು ಸೂಕ್ತ ಕಾಲ

ಅರಣ್ಯದೊಳಗೆ ಯಾವುದೇ ಕಾಯಂ ಕಟ್ಟಡ ಇರತಕ್ಕದ್ದಲ್ಲ ಎಂಬುದು ನಮ್ಮ ಇಲಾಖೆಯ ಮೂಲ ನಿಯಮ. ಆದಕಾರಣ ನಮ್ಮ ಸಫಾರಿ ಶಿಬಿರದಲ್ಲಿ ಪ್ರವಾಸಿಗರು ತಂಗುವುದು ಡೇರೆಗಳಲ್ಲಿ. ಡೇರೆ ತಾತ್ಕಾಲಿಕ. ತಾತ್ಕಾಲಿಕ ಎಂದರೇನು ಎಂದು ಒಬ್ಬ ಲೆಕ್ಕ ತಪಾಸಣೆಯವರು ತಕರಾರು ಎತ್ತಿದಾಗ ಮುಖ್ಯ ಕಚೇರಿಯವರು ಸಭೆಯ ಮೇಲೆ ಸಭೆ ಸೇರಿ, ಸಭೆಗೊಮ್ಮೆ ತಿಂಡಿ ತಿಂದು, ಸ್ಪಷ್ಟೀಕರಣ ಹೊರಡಿಸಿದರು: "ನಿನ್ನೆ ಇದ್ದ ಜಾಗದಲ್ಲಿ ಇಂದು ಇಲ್ಲದಿರುವುದೇ ತಾತ್ಕಾಲಿಕ. ಆದ್ದರಿಂದ ಪ್ರತಿ ಸಂಜೆ ಪ್ರತಿಯೊಂದು ಡೇರೆಯನ್ನೂ ಕನಿಷ್ಠ ಒಂದು ಡೇರೆ ಕಂಬದ ಉದ್ದದಷ್ಟು ದೂರ ಸರಿಸತಕ್ಕದ್ದು." ಯಾವ ದಿಕ್ಕಿಗೆ ಎಂದು ಆದೇಶದಲ್ಲಿ ಇರಲಿಲ್ಲ. ದಿಕ್ಕು ತೋರಿಸುವುದು ನಮ್ಮ ಇಲಾಖೆಯ ಕೆಲಸವಲ್ಲ.

ನಾನು ಪ್ರಚಾರ ಶಾಖೆಯವನು. ಶಿಬಿರದ ಬಾಗಿಲಲ್ಲಿ "ಭೇಟಿಗೆ ಸೂಕ್ತ ಕಾಲ" ಎಂಬ ಫಲಕ ಬರೆಸಿದ್ದು ನಾನೇ. ಮಳೆಗಾಲದ ಬೆನ್ನಿಗೆ ಬಂದರೆ ಕಾಡು ಹಸಿರಾಗಿರುತ್ತದೆ, ಪ್ರಾಣಿಗಳು ಕಾಣುವುದಿಲ್ಲ. ಬೇಸಿಗೆಯಲ್ಲಿ ಬಂದರೆ ಪ್ರಾಣಿಗಳು ನೀರಿಗೆ ಬರುತ್ತವೆ, ಆದರೆ ನೀವು ಬೆಂದು ಹೋಗುತ್ತೀರಿ. ಚಳಿಗಾಲದಲ್ಲಿ ಬಂದರೆ ಕಂಬಳಿ ನೀವೇ ತನ್ನಿ. ಇಷ್ಟು ನಿಷ್ಠುರವಾಗಿ ಸತ್ಯ ಹೇಳುವ ಫಲಕ ಇನ್ನೆಲ್ಲೂ ಇಲ್ಲವೆಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಡೇರೆ ಸರಿಸುವ ಕೆಲಸ ಶಿಬಿರದ ಮೇಲ್ವಿಚಾರಕನದು. ಅವನಿಗೆ ನೆರವಾಗಲು ಇದ್ದವನು ಅಡುಗೆಯವನೊಬ್ಬನೇ. ಅಡುಗೆಯವನ ಮನೆ ಇದ್ದದ್ದು ಪಟ್ಟಣದಲ್ಲಿ. ಹಗ್ಗದ ಒಂದು ತುದಿ ಅವನ ಕೈಯಲ್ಲಿದ್ದ ಮೇಲೆ ಡೇರೆ ಯಾವ ಕಡೆ ಸರಿಯಬೇಕು ಎಂಬುದು ಯಾರೂ ತಲೆ ಕೆಡಿಸಿಕೊಳ್ಳುವ ವಿಷಯವಾಗಿರಲಿಲ್ಲ. ದಿನಕ್ಕೊಂದು ಕಂಬದಷ್ಟು ಶಿಬಿರ ಅವನ ಮನೆಯ ಕಡೆ ನಡೆಯಿತು. ವರ್ಷ ಕಳೆದಂತೆ ಅವನ ಮುಖದಲ್ಲಿ ಕಳೆ ಹೆಚ್ಚಿತು.

ಮೇಲ್ವಿಚಾರಕನ ಸಂಕಟ ಬೇರೆ. ಅವನ ಕೆಲಸವೂ ತಾತ್ಕಾಲಿಕವೇ. "ಇನ್ನೇನು, ಕಾಯಂ ಆಗಿಬಿಡುತ್ತೆ" ಎಂಬ ಮಾತಿನ ಮೇಲೆ ಅವನ ಮದುವೆಯಾಗಿತ್ತು. ಈಗ ಮಗಳು ಹೈಸ್ಕೂಲಿನಲ್ಲಿದ್ದಳು, ಕೆಲಸ ಮಾತ್ರ ಇದ್ದಲ್ಲೇ ಇತ್ತು. ಬರುವ ವರ್ಷ ಅವನಿಗೆ ವಯೋಮಿತಿ ದಾಟುತ್ತದೆ. ಆಮೇಲೆ ಕಾಯಂ ಎಂಬ ಮಾತನ್ನೇ ಎತ್ತುವಂತಿಲ್ಲ, ಯಾವ ದಿನ ಬೇಕಾದರೂ ಮನೆಗೆ ಕಳಿಸಬಹುದು. ಮಾವನವರು ಬಂದಾಗಲೆಲ್ಲ ಕೈಕಾಲು ತೊಳೆಯುವ ಮೊದಲೇ ವಿಚಾರಿಸುತ್ತಿದ್ದರು.

"ಅಳಿಯಂದಿರೇ, ನಮ್ಮ ವಿಷಯ ಎಲ್ಲಿಗೆ ಬಂತು?"

"ಬಂದಿದೆ ಮಾವ. ಮುಖ್ಯ ಕಚೇರಿಯವರೆಗೂ ಬಂದಿದೆ."

"ಒಳಗೆ ಹೋಗಿದೆಯೋ?"

ಅಲ್ಲಿಗೆ ಹೆಂಡತಿ ಕಾಫಿ ತಂದು ಮಾತು ಬದಲಿಸುತ್ತಿದ್ದಳು.

ವಿಷಯ ಒಳಗೆ ಹೋಗಿರಲಿಲ್ಲ. ಕಾಯಂ ಆಗಬೇಕಾದವನು ಒಂದೇ ಸ್ಥಳದಲ್ಲಿ ಬಿಟ್ಟೂಬಿಡದೆ ಸೇವೆ ಸಲ್ಲಿಸಿರಬೇಕು ಎಂದು ನಿಯಮ. ಇವನೋ ದಿನಾ ಸಂಜೆ ತನ್ನ ಕೈಯಾರೆ ಸ್ಥಳವನ್ನೇ ಮುಂದಕ್ಕೆ ತಳ್ಳುತ್ತಿದ್ದ. ತಳ್ಳದಿದ್ದರೆ ಕರ್ತವ್ಯಲೋಪ, ತಳ್ಳಿದರೆ ಸೇವಾಲೋಪ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವ ಕೆಲಸಕ್ಕೂ ಸಂಬಳ ಕೊಡುವ ಇಲಾಖೆ ನಮ್ಮದು ಎಂಬುದನ್ನು ಇಲ್ಲಿ ಮರೆಯಬಾರದು.

ಹೀಗಿರಲು ಒಂದು ಬೆಳಗ್ಗೆ ಶಿಬಿರ ಕಾಡಿನಿಂದ ಹೊರಬಿತ್ತು. ಪ್ರವಾಸಿಗರು ಮೊದಲು ಗಮನಿಸಲಿಲ್ಲ. ಕಾಡಿನೊಳಗೂ ಅವರಿಗೆ ಏನೂ ಕಂಡಿರಲಿಲ್ಲವಾದ್ದರಿಂದ ವ್ಯತ್ಯಾಸ ತಿಳಿಯಲಿಲ್ಲ. ಡೇರೆಗಳು ಇಟ್ಟಿಗೆ ಗೂಡು ದಾಟಿದವು, ಮರದ ಮಿಲ್ಲು ದಾಟಿದವು, ಕೆಲವು ದಿನ ಪೆಟ್ರೋಲ್ ಬಂಕಿನ ಪಕ್ಕ ತಂಗಿದವು. ಗ್ರಂಥಾಲಯದ ಮುಂದೆ ಇದ್ದಾಗ ನಾನು ಫಲಕಕ್ಕೆ "ಇಲ್ಲಿ ಸಂಪೂರ್ಣ ನಿಶ್ಶಬ್ದ, ಜನಸಂಚಾರವಿಲ್ಲ" ಎಂದು ಸೇರಿಸಿದೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಕೊನೆಗೆ ಶಿಬಿರ ನಮ್ಮ ಮುಖ್ಯ ಕಚೇರಿಯ ಅಂಗಳಕ್ಕೇ ಬಂದು, ಸೈಕಲ್ ಸ್ಟ್ಯಾಂಡಿಗೂ ನೀರಿನ ಟ್ಯಾಂಕಿಗೂ ನಡುವೆ ಹಗ್ಗ ಬಿಗಿಯಿತು.

ಆ ದಿನ ಶಿಬಿರದಲ್ಲಿದ್ದ ಪ್ರವಾಸಿಗರಲ್ಲಿ ಮುಖ್ಯರಾದವರು ಒಬ್ಬ ಅಜ್ಜಿ. ಪ್ರತಿ ವರ್ಷ ತಪ್ಪದೆ ಬರುತ್ತಿದ್ದರು, ಕೊರಳಲ್ಲಿ ಸದಾ ದುರ್ಬೀನು ತೂಗುತ್ತಿತ್ತು. ನಾವೆಲ್ಲ ಅವರನ್ನು ದುರ್ಬೀನಜ್ಜಿ ಎಂದೇ ಕರೆಯುತ್ತಿದ್ದೆವು. ಇಷ್ಟು ವರ್ಷದಲ್ಲಿ ಅವರಿಗೆ ಮೊಲದ ಬಾಲವೂ ಕಂಡಿರಲಿಲ್ಲ. ಬೆಳಗ್ಗೆ ಡೇರೆಯ ಮುಂದೆ ಕುರ್ಚಿ ಹಾಕಿಕೊಂಡು ಕಚೇರಿಯ ಕಡೆ ದುರ್ಬೀನು ಹಿಡಿದರು.

"ಏನೂ ಅಲ್ಲಾಡ್ತಾ ಇಲ್ಲವಲ್ಲಪ್ಪ."

"ಇನ್ನೂ ಹತ್ತೂವರೆ ಅಮ್ಮ," ಎಂದ ನಮ್ಮ ಸಫಾರಿ ಜೀಪಿನ ಚಾಲಕ. "ಬರೋ ಹೊತ್ತಾಗಿಲ್ಲ."

ಹನ್ನೊಂದು ದಾಟಿದ ಮೇಲೆ ಒಂದೆರಡು ಗುಮಾಸ್ತರು ಗೇಟಿನ ಬಳಿ ಸುಳಿದರು. ಅಜ್ಜಿ ಉಸಿರು ಬಿಗಿಹಿಡಿದರು. ಆಮೇಲೆ ಮಹಡಿಯ ಕಿಟಕಿಯಲ್ಲಿ ಒಂದು ಭಾರಿ ಆಕೃತಿ ಕಾಣಿಸಿಕೊಂಡು, ಆಕಳಿಸಿ, ಪರದೆಯ ಹಿಂದೆ ಮರೆಯಾಯಿತು.

"ಯಾರಪ್ಪ ಅದು?"

ಚಾಲಕ ಪಿಸುಗುಟ್ಟಿದ. "ದೊಡ್ಡ ಸಾಹೇಬರು ಅಮ್ಮ! ನಿಮ್ಮ ಅದೃಷ್ಟ ನೋಡಿ. ಐದು ವರ್ಷದಿಂದ ಅರ್ಜಿ ಹಿಡಿದು ಬರ್ತಿರೋರಿಗೂ ದರ್ಶನ ಆಗಿಲ್ಲ."

ಅಜ್ಜಿಯ ಕಣ್ಣಲ್ಲಿ ನೀರು ಬಂತು. "ಕೊಟ್ಟ ದುಡ್ಡು ಇವತ್ತು ವಸೂಲಾಯ್ತು," ಎಂದು ಅಭಿಪ್ರಾಯ ಬರೆದು ಸಹಿ ಹಾಕಿದರು. ಆ ಅಭಿಪ್ರಾಯವನ್ನು ಪ್ರಚಾರ ಶಾಖೆ ಪತ್ರಿಕೆಗಳಿಗೆ ಕಳಿಸಿತು.

ಆಮೇಲೆ ಆದದ್ದೆಲ್ಲ ಸಹಜವಾಗಿಯೇ ಆಯಿತು. ವರ್ಷಗಟ್ಟಲೆ ಅರ್ಜಿ ಹಿಡಿದು ಗೇಟಿನಾಚೆ ಕಾದು ಕಾದು ಸುಣ್ಣವಾದವರಿಗೆಲ್ಲ ಒಂದು ವಿಷಯ ಹೊಳೆಯಿತು: ಸಾಹೇಬರನ್ನು ನೋಡಲು ಸಮಯ ಕೇಳಿದರೆ ಸಿಗುವುದಿಲ್ಲ, ಸಫಾರಿ ಚೀಟಿ ತೆಗೆದುಕೊಂಡರೆ ನೋಡಿಕೊಂಡೇ ಬರಬಹುದು. ಪಿಂಚಣಿಯವರು, ಪರವಾನಗಿಯವರು, ಬೇಲಿ ಜಗಳದವರು ಎಲ್ಲರೂ ಟೋಪಿ ಹಾಕಿಕೊಂಡು ಡೇರೆ ಹಿಡಿದರು. ಜೀಪು ಕಚೇರಿಯನ್ನು ಸುತ್ತುಹಾಕಿ ದಾಖಲೆ ಕೋಣೆಯ ಹಿಂಬದಿ ಇಂಜಿನ್ ಆರಿಸಿ ನಿಲ್ಲುತ್ತಿತ್ತು. ಎಲ್ಲರೂ ಉಸಿರಾಡದೆ ಕೂರುತ್ತಿದ್ದರು. ಆದಾಯ ನೋಡಿ ದೊಡ್ಡ ಸಾಹೇಬರು ದಿನಕ್ಕೆರಡು ಸಲ ಕಿಟಕಿಯಲ್ಲಿ ಕಾಣಿಸಿಕೊಳ್ಳಲು ಒಪ್ಪಿದರು, ಭತ್ಯೆಗೆ ಒಳಪಟ್ಟು.

ನಾನು ಫಲಕವನ್ನು ಹೊಸದಾಗಿ ಬರೆಸಿದೆ: "ಭೇಟಿಗೆ ಸೂಕ್ತ ಕಾಲ: ಬೆಳಗ್ಗೆ ಹನ್ನೊಂದರ ನಂತರ. ಊಟವಾದ ಮೇಲೆ ನೆರಳಿನಲ್ಲಿ ಮಲಗಿರುವುದರಿಂದ ಚಲನವಲನ ಕಡಿಮೆ. ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಹಿಂಡುಹಿಂಡಾಗಿ ನೋಡಬಹುದು. ಆರ್ಥಿಕ ವರ್ಷದ ಕೊನೆಯ ವಾರ ಅತ್ಯುತ್ತಮ: ಉಳಿದ ಹಣ ಖರ್ಚು ಮಾಡಲು ಎಲ್ಲ ಜಾತಿಯವೂ ಬಯಲಿಗೆ ಬರುತ್ತವೆ." ಅದರ ಕೆಳಗೆ ಹಳೆಯ ಎಚ್ಚರಿಕೆಯನ್ನು ಹಾಗೆಯೇ ಉಳಿಸಿದೆ: "ಪ್ರಾಣಿಗಳಿಗೆ ಏನನ್ನೂ ತಿನ್ನಿಸಬಾರದು."

ಮರುದಿನವೇ ಕಚೇರಿ ಕೆಲಸ ನಿಂತಿತು. ನಿಂತಿದೆ ಎಂದು ಯಾರಿಗೂ ಗೊತ್ತಾಗದ ಕಾರಣ ಹೆಡ್ ಗುಮಾಸ್ತರು ಸ್ವತಃ ಬಂದು ತಿಳಿಸಬೇಕಾಯಿತು.

"ಪ್ರಾಣಿ ಅಂತ ಬರೆದಿದ್ದಕ್ಕೆ ನಮಗೇನೂ ಬೇಜಾರಿಲ್ಲ ಸರ್. ಬರೀರಿ. ಆದ್ರೆ ತಿನ್ನಿಸಬಾರದು ಅಂದ್ರೆ ಹೇಗೆ? ನಮಗೂ ಹೆಂಡತಿ ಮಕ್ಕಳಿದ್ದಾರೆ. ಹೊಟ್ಟೆ ಮೇಲೆ ಹೊಡೀಬೇಡಿ."

ಮಾತು ನ್ಯಾಯವಾಗಿತ್ತು. "ನಿಗದಿತ ಕಿಟಕಿಯಲ್ಲಿ, ಕೈಯಿಂದ ಕೈಗೆ ಮಾತ್ರ ತಿನ್ನಿಸತಕ್ಕದ್ದು" ಎಂದು ತಿದ್ದುಪಡಿ ಮಾಡಿದ ಮೇಲೆ ಕಚೇರಿ ಮೊದಲಿನ ಹಾಗೆಯೇ ಕೆಲಸ ಮಾಡದೆ ಇರಲು ಆರಂಭಿಸಿತು.

ಒಂದು ಕಾನೂನು ತೊಡಕು ಮಾತ್ರ ಉಳಿದಿತ್ತು. ಸಫಾರಿ ಅರಣ್ಯದಲ್ಲಿ ಮಾತ್ರ ನಡೆಯಬಹುದು. ಆದ್ದರಿಂದ ಕಚೇರಿಯನ್ನು ಅರಣ್ಯವೆಂದು ಘೋಷಿಸಲಾಯಿತು. ಅರಣ್ಯವೆಂದ ಮೇಲೆ ಗಣತಿ ಆಗಲೇಬೇಕು. ಗಣತಿಯವರು ಖಾಕಿ ತೊಟ್ಟು, ಹೆಜ್ಜೆ ಗುರುತು ಹುಡುಕುತ್ತಾ ಮಹಡಿ ಹತ್ತಿದರು. ಯಾವ ಮೇಜಿನ ಹಿಂದೆ ನೋಡಿದರೂ ಖಾಲಿ ಕುರ್ಚಿ, ಕುರ್ಚಿಯ ಬೆನ್ನಿಗೆ ಒಂದು ಕೋಟು. ಒಂದು ಪ್ರಾಣಿ ಮಾತ್ರ ಎಷ್ಟು ಸಲ ಎಣಿಸಿದರೂ ಅದೇ ಜಾಗದಲ್ಲಿ ಸಿಕ್ಕಿತು: ದೊಡ್ಡ ಸಾಹೇಬರ ಬಾಗಿಲ ಪಕ್ಕ, ಬೆನ್ನು ಗೋಡೆಗೆ ಆನಿಸಿ, ಕೈಯಲ್ಲಿ ಅರ್ಜಿ ಹಿಡಿದು.

ಅದು ನಮ್ಮ ಮೇಲ್ವಿಚಾರಕ. ಶಿಬಿರ ಅಂಗಳಕ್ಕೆ ಬಂದಂದಿನಿಂದ ಹಗಲೆಲ್ಲ ಅಲ್ಲೇ ನಿಂತಿದ್ದ. ಸಾಹೇಬರು ಕಿಟಕಿಯಲ್ಲಿ ಎಲ್ಲರಿಗೂ ಕಾಣುತ್ತಿದ್ದರು, ಬಾಗಿಲಲ್ಲಿದ್ದ ಇವನಿಗೆ ಮಾತ್ರ ಕಾಣುತ್ತಿರಲಿಲ್ಲ.

ಗಣತಿ ವರದಿ ಸಾಹೇಬರ ಮೇಜಿಗೆ ಹೋಯಿತು. ವಯೋಮಿತಿಗೆ ಇನ್ನೊಂದೇ ದಿನ ಬಾಕಿ. ಮೊಟ್ಟಮೊದಲ ಬಾರಿಗೆ ಅವನನ್ನು ಒಳಗೆ ಕರೆದರು.

"ನಿನ್ನನ್ನು ನೌಕರ ಅಂತ ಕಾಯಂ ಮಾಡೋಕೆ ನಿಯಮದಲ್ಲಿ ಜಾಗ ಇಲ್ಲಪ್ಪ," ಎಂದರು ಸಾಹೇಬರು. ಅವರಿಗೂ ನಿಜವಾಗಿ ಬೇಸರವಾಗಿತ್ತು. "ಆದರೆ ಈ ಅರಣ್ಯದಲ್ಲಿ ಒಂದೇ ಕಡೆ ಇರೋ ವನ್ಯಜೀವಿ ನೀನೊಬ್ಬನೇ ಅಂತ ಬಂದಿದೆ. ವನ್ಯಜೀವಿ ಆದರೆ ಕಾಯಂ. ಯಾರೂ ಎಬ್ಬಿಸೋ ಹಾಗಿಲ್ಲ, ಓಡಿಸೋ ಹಾಗಿಲ್ಲ. ಒಪ್ಪಿಗೇನಾ?"

ಮೇಲ್ವಿಚಾರಕ ಕೈಯಲ್ಲಿದ್ದ ಅರ್ಜಿಯನ್ನು ಮೇಜಿನ ಮೇಲಿಟ್ಟ. "ಆದೇಶದಲ್ಲಿ ಕಾಯಂ ಅಂತ ಇರುತ್ತಾ ಸರ್?"

"ಇರುತ್ತೆ."

"ಹಾಗಾದರೆ ಆಗಬಹುದು ಸರ್."

"ಒಂದೇ ಷರತ್ತು. ಆ ಜಾಗ ಬಿಟ್ಟು ಕದಲೋ ಹಾಗಿಲ್ಲ."

ಅವನು ಸಾಹೇಬರ ಕಾಲು ಮುಟ್ಟಲು ಬಗ್ಗಿದ. ಮುಟ್ಟಬಾರದು, ವನ್ಯಜೀವಿಗೂ ಮನುಷ್ಯರಿಗೂ ಅಂತರವಿರಬೇಕು ಎಂದು ಹೆಡ್ ಗುಮಾಸ್ತರು ನೆನಪಿಸಿದರು. ಡೇರೆ ಸರಿಸುವ ಕೆಲಸ ಅಡುಗೆಯವನ ಪಾಲಿಗೆ ಬಂತು. ಶಿಬಿರ ಈಗ ಅವನ ಮನೆಯ ಬೀದಿ ಹೊಕ್ಕಿದೆ.

ಸುದ್ದಿ ಕೇಳಿದ ಹೆಂಡತಿ ಮೊದಲು ಅತ್ತಳು, ಆಮೇಲೆ ಬುತ್ತಿ ಕಟ್ಟಿದಳು. ಅವನ ಪಕ್ಕದ ನಿಗದಿತ ಕಿಟಕಿಯಲ್ಲಿ ಸಾಲು ನಿಂತು ದಿನಾ ಮಧ್ಯಾಹ್ನ ಊಟ ಕೊಟ್ಟು ಹೋಗುತ್ತಾಳೆ. "ರೀ, ಮೊಸರು ಚೆಲ್ಲಬೇಡಿ," ಎಂದಷ್ಟೇ ಹೇಳಲು ಅನುಮತಿ ಇದೆ. ಮಗಳು ಶಾಲೆಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ "ಕಾಯಂ" ಎಂದು ಬರೆದಳು. ಯಾರೂ ಮುಂದೆ ಕೇಳಲಿಲ್ಲ.

ಹಿಂದಿನ ವಾರ ಮಾವನವರು ಸಫಾರಿಗೆ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಹೊಸ ಚಪ್ಪಲಿ. ನೌಕರರ ಸಂಬಂಧಿಕರಿಗೆ ರಿಯಾಯಿತಿ ಇದೆ, ವನ್ಯಜೀವಿಯ ಸಂಬಂಧಿಕರಿಗೆ ಇಲ್ಲವಾದ್ದರಿಂದ ಪೂರ್ತಿ ದರ ಕೊಟ್ಟರು. ಜೀಪಿನಲ್ಲಿ ದುರ್ಬೀನಜ್ಜಿಯ ಪಕ್ಕದಲ್ಲೇ ಕುಳಿತರು. ಮಹಡಿಯ ಕಾರಿಡಾರಿನ ಕಿಟಕಿಯ ಎದುರು ಚಾಲಕ ಇಂಜಿನ್ ಆರಿಸಿ ಮೇಲಕ್ಕೆ ಬೆರಳು ತೋರಿಸಿದ. ಬಾಗಿಲ ಪಕ್ಕ, ಬೆನ್ನು ಗೋಡೆಗೆ ಆನಿಸಿ, ಅಳಿಯಂದಿರು ನಿಂತಿದ್ದರು. ಸ್ವಲ್ಪ ದಪ್ಪಗಾಗಿದ್ದರು.

"ಎಷ್ಟು ಸಾಧು!" ಎಂದರು ಅಜ್ಜಿ, ದುರ್ಬೀನು ಇಳಿಸದೆ. "ಇವರನ್ನು ನೋಡೋಕೆ ಯಾವ ಕಾಲ ಒಳ್ಳೇದಪ್ಪ?"

"ಕಾಲ ಗೀಲ ಏನಿಲ್ಲ ಅಮ್ಮ," ಎಂದ ಚಾಲಕ. "ಅವರು ಕಾಯಂ. ಯಾವಾಗ ಬಂದ್ರೂ ಇರ್ತಾರೆ."

ಮಾವನವರು ಕಣ್ಣೊರೆಸಿಕೊಂಡು, ಅಜ್ಜಿಯಿಂದ ದುರ್ಬೀನು ಕೇಳಿ ಪಡೆದರು.