ಹರಳೆಣ್ಣೆ ಕುಡಿಯುವ ಗಾಡಿ ಮತ್ತು ನಮ್ಮ ಮನೆಯ ಹುಳುಗಳು

ಗಂಡನನ್ನು ಹೊಗಳುವುದು ನಮ್ಮ ಕಾಲದ ಹೆಂಗಸರಿಗೆ ಬರುತ್ತಿರಲಿಲ್ಲ. ಬೈಯುವುದು ಮಾತ್ರ ಬರುತ್ತಿತ್ತು, ಅದೂ ಬಾಯಿಂದಲ್ಲ, ಪಾತ್ರೆಗಳಿಂದ. ಚೊಂಬನ್ನು ಕೊಂಚ ಜೋರಾಗಿ ಇಟ್ಟರೆ ಅರ್ಧ ಬೈದ ಹಾಗೆ, ತಟ್ಟೆಯನ್ನು ಕುಕ್ಕಿದರೆ ಪೂರ್ತಿ ಬೈದ ಹಾಗೆ. ಹೊಗಳುವುದಕ್ಕೆ ಅಂಥ ಪಾತ್ರೆ ಯಾವುದೂ ಇರಲಿಲ್ಲ. ಹಾಗಾಗಿ ನಿಮ್ಮ ತಾತ ಬದುಕಿದ್ದಷ್ಟು ದಿನ ಅವರ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಅವರೆದುರು ಆಡದೆ ಉಳಿದುಬಿಟ್ಟೆ. ಈಗ ನೀವು ಮೊಮ್ಮಕ್ಕಳು ಗೋಡೆಯ ಮೇಲಿನ ಪಟ ತೋರಿಸಿ, "ಅಜ್ಜಿ, ತಾತ ನಿಜವಾಗ್ಲೂ ಚಾಂಪಿಯನ್ನಾ?" ಎಂದು ಕೇಳುತ್ತೀರಿ. ಎದುರಿಗೆ ಕೂತು ಹೇಳಲು ನನಗೆ ಈಗಲೂ ನಾಚಿಕೆ. ಬರೆದರೆ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಜವಾಗಿಯೂ ಚಾಂಪಿಯನ್ನೇ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬಿಳಿಯರು ನಡೆಸುತ್ತಿದ್ದ ಮೋಟಾರು ಸೈಕಲ್ ಪಂದ್ಯಗಳಲ್ಲಿ ಆ ಬಿಳಿಯರನ್ನೇ ಹಿಂದೆ ಹಾಕಿ ಬೆಳ್ಳಿಯ ಕಪ್ಪು ತಂದವರು. ಆ ಕಪ್ಪಿನಲ್ಲಿ ನಮ್ಮತ್ತೆ ದೇವರ ಮನೆಯ ಹೂಬತ್ತಿಗಳನ್ನು ಇಡುತ್ತಿದ್ದರು. ಯುದ್ಧ ಶುರುವಾದ ಮೇಲೆ ಪಂದ್ಯಗಳು ನಿಂತವು. ನಿಮ್ಮ ತಾತನ ಮೊಣಕಾಲೂ ಅಷ್ಟರಲ್ಲಿ ಒಂದು ಸಲ ಮುರಿದು ಕೂಡಿಕೊಂಡಿತ್ತು. "ಸಾಕು, ಬಿಟ್ಟೆ" ಎಂದು ತೂಬಗೆರೆ ಕಡೆಯ ನಮ್ಮ ಹಳ್ಳಿಗೆ ಬಂದು ಹೊಲ ನೋಡಿಕೊಳ್ಳತೊಡಗಿದರು. ಬಿಟ್ಟಿದ್ದು ಪಂದ್ಯವನ್ನು ಮಾತ್ರ, ಗಾಡಿಯನ್ನಲ್ಲ. ಅದರಲ್ಲೂ ಹಳೆಯ ಗಾಡಿ ಎಂದರೆ ಅವರಿಗೆ ಪ್ರಾಣ. ಯಾರೋ ದೊರೆ ಸ್ವದೇಶಕ್ಕೆ ಹೋಗುವಾಗ ಬಿಟ್ಟುಹೋದ, ಹಿಂದಿನ ಯುದ್ಧದ ಕಾಲದ ಒಂದು ಗಾಡಿಯನ್ನು ಗುಜರಿಯಿಂದ ತಂದು, ತಿಂಗಳುಗಟ್ಟಲೆ ಉಜ್ಜಿ, ತಿಕ್ಕಿ, ಜೀವ ಬರಿಸಿದ್ದರು. ಅದಕ್ಕೆ ಪಕ್ಕದಲ್ಲಿ ಒಬ್ಬರು ಕೂರುವಂಥ ಸೈಡ್‌ಕಾರು. ಊರವರು ಅದನ್ನು ತೊಟ್ಟಿಲು ಎನ್ನುತ್ತಿದ್ದರು.

ಆ ಗಾಡಿಯ ಇಂಜಿನ್ನಿಗೆ ಹರಳೆಣ್ಣೆ ಬೇಕು. ಪಂದ್ಯದವರೆಲ್ಲ ಅದನ್ನೇ ಹಾಕುವುದಂತೆ. ನಮ್ಮ ಮನೆಯಲ್ಲಿ ಹರಳೆಣ್ಣೆ ಇರುತ್ತಿದ್ದುದು ಶನಿವಾರದ ತಲೆಸ್ನಾನಕ್ಕೆ. ಎಣ್ಣೆಯ ಗಡಿಗೆ ವಾರಕ್ಕೊಮ್ಮೆ ತಳ ಕಾಣುತ್ತಿತ್ತು. "ಮನೆ ಜನರ ನೆತ್ತಿ ಒಣಗ್ತಾ ಐತೆ, ಈ ಕಬ್ಬಿಣದ ಎಮ್ಮೆಗೆ ಅಭ್ಯಂಜನ ನಡೀತಾ ಐತೆ" ಎಂದು ಅತ್ತೆ ಗೊಣಗುತ್ತಿದ್ದರು. ನಿಮ್ಮ ತಾತ ಗಂಭೀರವಾಗಿ, "ಅದಕ್ಕೆ ನಿನಗಿಂತ ವಯಸ್ಸಾಗಿಲ್ಲ ಕಣಮ್ಮ, ಇನ್ನೂ ಬೆಳೆಯೋ ಮಗು" ಎನ್ನುತ್ತಿದ್ದರು.

ಎಣ್ಣೆಯ ಜಗಳ ಸಣ್ಣದು. ದೊಡ್ಡ ಜಗಳ ರೇಷ್ಮೆ ಹುಳುಗಳದು. ಹುಳು ಸಾಕುವ ಮನೆಯ ಶಿಸ್ತು ನಿಮಗೆ ಗೊತ್ತಿಲ್ಲ. ಹುಳುವಿಗೆ ಕಟುವಾದ ವಾಸನೆ ಆಗದು. ಹುಳು ಮನೆಯಲ್ಲಿದ್ದಷ್ಟು ದಿನ ನಮ್ಮತ್ತೆ ಒಗ್ಗರಣೆ ಹಾಕಲು ಬಿಡುತ್ತಿರಲಿಲ್ಲ. ಬೀಡಿ ಸೇದುವ ನೆಂಟರು ಜಗುಲಿಯಿಂದಲೇ ವಾಪಸ್ಸು. ಇನ್ನು ಪೆಟ್ರೋಲು! ಗಾಡಿಯನ್ನು ಹೊಲದಂಚಿನ ಕೊಟ್ಟಿಗೆಗೆ ಗಡೀಪಾರು ಮಾಡಿದ್ದರು. ಗಾಡಿ ಮುಟ್ಟಿದ ಚಾಂಪಿಯನ್ನರು ಬಾವಿಕಟ್ಟೆಯಲ್ಲಿ ಮಿಂದು, ಪಂಚೆ ಬದಲಾಯಿಸಿ, ಅಮ್ಮನ ಮುಂದೆ ಕೈ ಚಾಚಿ ನಿಲ್ಲಬೇಕು. ಅತ್ತೆ ಮೂಸಿ ನೋಡಿ, "ಹೂಂ, ಬಾ" ಎಂದ ಮೇಲೇ ಒಳಗೆ ಪ್ರವೇಶ. ನಾನು ಸೆರಗಿನ ಮರೆಯಲ್ಲಿ ನಗುತ್ತಿದ್ದೆ.

ಆ ಬೇಸಿಗೆ ಸೆಕೆ ವಿಪರೀತ. ನಾವು ಎಣಿಸಿದ್ದಕ್ಕಿಂತ ಮೊದಲೇ ಹುಳುಗಳು ಹಣ್ಣಾಗಿಬಿಟ್ಟವು. ಹಣ್ಣಾದ ಹುಳು ಸೊಪ್ಪು ಬಿಟ್ಟು, ಮೈ ಹೊಂಬಣ್ಣಕ್ಕೆ ತಿರುಗಿ, ತಲೆಯೆತ್ತಿ ಆಡಿಸುತ್ತದೆ, ಎಲ್ಲಿ ಗೂಡು ಕಟ್ಟಲಿ ಎಂದು ಕೇಳುವ ಹಾಗೆ. ಆಗ ಅವನ್ನು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಾಗಿಲಿನಷ್ಟು ದೊಡ್ಡ ಬಿದಿರಿನ ತಟ್ಟಿ, ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಹೆಣೆದಿರುತ್ತದೆ. ಆ ಸುರುಳಿಗಳ ನಡುವೆ ಹುಳು ಗೂಡು ಕಟ್ಟುತ್ತದೆ. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಉಗುಳಿ ಎಲ್ಲ ಹಾಳು, ತಿಂಗಳ ದುಡಿಮೆ ಮಣ್ಣುಪಾಲು. ನಮ್ಮ ಚಂದ್ರಿಕೆಗಳು ಸಾಲುತ್ತಿರಲಿಲ್ಲ, ಮಿಕ್ಕವನ್ನು ರಾಜಘಟ್ಟದ ನೆಂಟರಿಂದ ತರುವ ವಾಡಿಕೆ. ತರುವ ಎತ್ತಿನ ಗಾಡಿಗಳೆಲ್ಲ ಆ ದಿನ ಮದುವೆಗಳಿಗೆ ಹೋಗಿದ್ದವು. ಯುದ್ಧಕಾಲದ ಪೆಟ್ರೋಲು ರೇಷನ್ನಿನಿಂದಾಗಿ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಬರುವುದೋ ಇಲ್ಲವೋ, ಅದರ ಡ್ರೈವರಿಗೇ ತಿಳಿಯದು.

ಅತ್ತೆ ಹುಳುಗಳನ್ನು ನೋಡಿದರು, ಮಗನನ್ನು ನೋಡಿದರು. ಕೊನೆಗೆ ಎತ್ತಲೋ ನೋಡುತ್ತಾ, "ಲೋ, ನಿನ್ನ ಎಮ್ಮೆ ಅಷ್ಟು ದೂರ ನಡೆಯತ್ತೇನೋ?" ಎಂದರು.

"ಎಮ್ಮೆ ಅಲ್ಲಮ್ಮ, ಕುದುರೆ. ಆದರೆ ತಟ್ಟಿ ಹಿಡ್ಕೊಳ್ಳೋಕೆ ತೊಟ್ಟಿಲಲ್ಲಿ ಒಬ್ಬರು ಕೂತ್ಕೋಬೇಕು."

ಮನೆಯಲ್ಲಿ ಅತ್ತೆ ಮತ್ತು ನಾನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಹುಳು ಬಿಟ್ಟು ಅತ್ತೆ ಕದಲುವಂತಿಲ್ಲ. ಹೀಗೆ, ಬಾವಿಗೂ ಜೊತೆಯಿಲ್ಲದೆ ಹೋಗದ ನಾನು ಮುಖದ ಮೇಲೆ ಸೆರಗೆಳೆದುಕೊಂಡು ತೊಟ್ಟಿಲು ಹತ್ತಿದೆ. ಸೆರಗು ಮುಚ್ಚಿದರೆ ಯಾರೆಂದು ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಆ ಗಾಡಿ ಇಡೀ ಹೋಬಳಿಗೆ ಒಂದೇ, ಅದರ ಪಕ್ಕ ಕೂರಬಹುದಾದವಳೂ ಒಬ್ಬಳೇ ಎಂಬುದು ಹೊಳೆಯಲಿಲ್ಲ.

ಹೋಗುವಾಗ ಅವರು ಗಾಳಿಯ ಹಾಗೆ ಹೋದರು. ನಾನು ಕಣ್ಣೇ ತೆರೆಯಲಿಲ್ಲ. ಬರುವಾಗ ಚಂದ್ರಿಕೆಗಳನ್ನು ತೊಟ್ಟಿಲಿಗೆ ನಿಲ್ಲಿಸಿ ಬಿಗಿದು, ನಾನು ತಬ್ಬಿಕೊಂಡು ಕೂತೆ. ಹೊರಟ ಸ್ವಲ್ಪ ಹೊತ್ತಿಗೇ ಗಾಳಿ ತಟ್ಟಿಗಳನ್ನು ತುಂಬಿಕೊಂಡು ನನ್ನ ಕಡೆಯ ಚಕ್ರ ನೆಲ ಬಿಟ್ಟಿತು. ತೊಟ್ಟಿಲು ನಿಜಕ್ಕೂ ತೂಗಿತು. ಅವರು ನನ್ನತ್ತ ವಾಲಿ, ಮೆಲ್ಲಗೆ ಅದನ್ನು ನೆಲಕ್ಕಿಳಿಸಿ, "ಗಟ್ಟಿಯಾಗಿ ಹಿಡ್ಕೊ ಕಣೆ. ಇನ್ನು ಮೆತ್ತಗೆ ಹೋಗೋಣ" ಎಂದರು.

ಮೆತ್ತಗೆ ಎಂದರೆ ಎಷ್ಟು ಮೆತ್ತಗೆ! ದಾರಿಬದಿಯ ಕೋಳಿ ನಮ್ಮನ್ನು ಕಂಡು ಓಡಲಿಲ್ಲ, ನಿಂತು ನೋಡಿತು. ಕೆರೆ ಏರಿಯ ಮೇಲೆ ಹಿಂದಿನಿಂದ ಗೆಜ್ಜೆ ಸದ್ದು ಕೇಳಿಸಿತು. ಮದುವೆ ದಿಬ್ಬಣದ ಗಾಡಿ, ತುಂಬ ಹೆಂಗಸರು. ಎತ್ತುಗಳು ಜೋರಾಗಿ ಓಡುತ್ತಾ ನಮ್ಮ ಪಕ್ಕಕ್ಕೆ ಬಂದವು.

"ಏನಪ್ಪಾ ಚಾಂಪಿಯನ್ನು," ಒಬ್ಬ ಮುದುಕಿ ಬಗ್ಗಿ ಕೇಳಿದಳು, "ಹಗ್ಗ ಕೊಡ್ಲಾ? ಹಿಂದೆ ಕಟ್ಕೊಂಡು ಬರ್ತೀಯಾ?"

"ಬೇಡ ಕಣಜ್ಜಿ, ನಿಮ್ಮ ಎತ್ತು ಸುಸ್ತಾದ್ರೆ ಹೇಳು, ನಾನೇ ಎಳ್ಕೊಂಡು ಬರ್ತೀನಿ."

ಗಾಡಿಯ ತುಂಬ ನಗು. ಅವರು ಮುಂದೆ ಹೋದರು, ಎಬ್ಬಿಸಿದ ಧೂಳನ್ನೆಲ್ಲ ನಮಗೆ ಕೊಟ್ಟು. ಬಿಳಿಯರನ್ನು ಹಿಂದೆ ಹಾಕಿದವರನ್ನು ಎತ್ತುಗಳು ಹಿಂದೆ ಹಾಕಿದ್ದನ್ನು ನನಗೆ ಸಹಿಸಲಾಗಲಿಲ್ಲ. "ರೀ, ಸ್ವಲ್ಪ ಜೋರಾಗಿ ಹೋಗಿ" ಎಂದೆ. ಮದುವೆಯಾದಾಗಿನಿಂದ ಅವರಿಗೆ ನಾನು ಕೊಟ್ಟ ಮೊದಲ ಅಪ್ಪಣೆ ಅದು.

ಅವರು ತಿರುಗಿಯೂ ನೋಡಲಿಲ್ಲ. "ಜೋರಾಗಿ ಹೋಗೋದು ಯಾರಿಗೆ ಬರಲ್ಲ ಹೇಳು? ಇದು ಹಳೇ ಗಾಡಿ. ಇಷ್ಟು ಮೆತ್ತಗೆ ಹೋದ್ರೆ ಉಸಿರು ಕಟ್ಟಿ ನಿಂತುಬಿಡತ್ತೆ. ನಿಲ್ಲದ ಹಾಗೆ ನೋಡ್ಕೋತಾ ಇದೀನಿ, ಸುಮ್ನಿರು" ಎಂದರು. ಆಗ ಮೊದಲ ಬಾರಿ ಅವರ ಕೈಗಳನ್ನು ನೋಡಿದೆ. ಹ್ಯಾಂಡಲಿನ ಪುಟ್ಟ ಹಿಡಿಗಳ ಮೇಲೆ ಒಂದು ಬೆರಳು ಇತ್ತ, ಒಂದು ಅತ್ತ, ಕೂಸಿಗೆ ಒಳಲೆಯಲ್ಲಿ ಹಾಲು ಕುಡಿಸುವವರ ಹಾಗೆ ಇಂಜಿನ್ನಿಗೆ ಹನಿ ಹನಿಯಾಗಿ ಪೆಟ್ರೋಲು ಕುಡಿಸುತ್ತಿದ್ದರು. ಗುಂಡಿ ಬಂದರೆ ಗಾಡಿಗಿಂತ ಮೊದಲು ಅವರ ಮೈ ಬಗ್ಗುತ್ತಿತ್ತು. ಒಂದು ಬಿದಿರಿನ ಪಟ್ಟಿಯೂ ಸಡಿಲವಾಗಲಿಲ್ಲ. ಕಪ್ಪು ಕೊಟ್ಟವರು ಇದನ್ನು ನೋಡಿ ಕೊಡಬೇಕಿತ್ತು ಎನ್ನಿಸಿತು. ತಟ್ಟಿಗಳನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡೆ.

ಗಾಡಿಯ ಸದ್ದು ಕೇಳಿ ಅತ್ತೆ ಒಂದು ಗಳಿಗೆ ಹುಳು ಬಿಟ್ಟು ಊರಾಚೆಗೇ ಬಂದು ನಿಂತಿದ್ದರು. ನಿಮ್ಮ ತಾತ ಇಂಜಿನ್ನನ್ನು ಅಲ್ಲೇ ನಿಲ್ಲಿಸಿದರು. ಅತ್ತೆ ಒಂದೊಂದೇ ಚಂದ್ರಿಕೆಯನ್ನು ಮೂಸಿದರು. ನಮ್ಮ ಜೀವ ಅವರ ಮೂಗಿನ ತುದಿಯಲ್ಲಿತ್ತು. ಕೊನೆಗೆ, "ಪೆಟ್ರೋಲು ಇಲ್ಲ. ಬರೀ ಸುಟ್ಟ ಹರಳೆಣ್ಣೆ. ಅದು ನಮ್ಮೆಲ್ಲರ ತಲೆ ವಾಸನೇನೆ, ಹುಳಕ್ಕೆ ಹೊಸದೇನಲ್ಲ" ಎಂದು ತೀರ್ಪು ಕೊಟ್ಟರು. ಸಂಜೆಯೊಳಗೆ ಹುಳುಗಳು ಸುರುಳಿ ಹಿಡಿದು ನೂಲು ಬಿಡತೊಡಗಿದವು. ಆ ಸಲದ ಗೂಡು ಬೆಳ್ಳಗೆ, ಗಟ್ಟಿಯಾಗಿ, ನೋಡಲು ಎರಡು ಕಣ್ಣು ಸಾಲದಂತಿತ್ತು.

ಸುದ್ದಿ ಹಬ್ಬಿತು. ಮುಂದಿನ ಬೆಳೆಗೆ, ದಿಬ್ಬಣದ ಗಾಡಿಯಲ್ಲಿ ನಕ್ಕಿದ್ದ ಆ ಮುದುಕಿಯೇ ನಮ್ಮ ಜಗುಲಿಗೆ ಬಂದು, "ನಮ್ಮ ಹುಳಾನೂ ಹಣ್ಣಾಗವೆ. ಚಂದ್ರಿಕೆ ತರೋಕೆ ಚಾಂಪಿಯನ್ನು ಒಂದು ಸಲ ಬಂದ್ರೆ ಪುಣ್ಯ ಬರತ್ತೆ" ಎಂದಳು. ಅತ್ತೆ ಬಾಯಿ ತೆರೆಯುವ ಮೊದಲೇ, ಬಾಗಿಲ ಹಿಂದಿನಿಂದ ನಾನು, "ಬರ್ತಾರೆ. ತಟ್ಟಿ ಹಿಡ್ಕೊಳ್ಳೋಕೆ ನಾನೂ ಬರ್ಬೇಕಾಗತ್ತೆ" ಎಂದುಬಿಟ್ಟೆ.

"ನಿಂಗ್ಯಾಕವ್ವ ತೊಂದ್ರೆ? ನನ್ನ ಸೊಸೆ ಹಿಡ್ಕೋತಾಳೆ ಬಿಡು."

"ಇಲ್ಲ ಅಜ್ಜಿ," ಎಂದೆ ನಾನು, ದಾರಿಯ ಅರ್ಧ ಭಾಗ ಕಣ್ಣು ಮುಚ್ಚಿಕೊಂಡು ಕೂತಿದ್ದವಳು, "ಅದಕ್ಕೆಲ್ಲ ಅಭ್ಯಾಸ ಬೇಕು."