ಮಿದುಳಿಗೂ ಕಾಲು, ಕಿವಿಗೂ ಕಾಲು

ದೇಹದ ಭಾಗಗಳಿಗೆ ಲ್ಯಾಟಿನ್ ಹೆಸರಿಟ್ಟ ಪುಣ್ಯಾತ್ಮರಿಗೆ ಎರಡಾಗಿ ಕವಲೊಡೆದದ್ದೆಲ್ಲ ‘ಕ್ರಸ್’, ಅಂದರೆ ಕಾಲು. ಮಿದುಳಿಗೂ ಕಾಲು, ಕಿವಿಯೊಳಗಿನ ಎಲುಬಿಗೂ ಕಾಲು. ಚಿಕ್ಕೋಡಿಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುವ ನನಗೆ ನಗುವುದಕ್ಕಂತೂ ಬರವಿಲ್ಲ.

ಗಿಡ್ಡ ಎಡಗಾಲು

ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯುಪರದೆಗೆ ಬೆನ್ನೆಲುಬು ಹಿಡಿದ ಎರಡು ಕಾಲುಗಳಿವೆ. ಬಲದ್ದು ಉದ್ದ, ಎಡದ್ದು ಗಿಡ್ಡ. ಚಿಂಚಲಿಯ ದನ ಸಾಕುವ ಮನೆಯ ಹುಡುಗಿಯೊಬ್ಬಳಿಗೆ ಇದು ಒಪ್ಪಿಗೆಯಾಗಲಿಲ್ಲ.

“ಎಲ್ಲಾರ್ದೂ ಹಿಂಗ ಇರ್ತೈತೇನ್ರಿ ಸರ?”

“ಎಲ್ಲಾರ್ದೂ. ನಂದೂ ಹಂಗ ಐತಿ.”

ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದಳು: “ಇಂಥಾ ಎತ್ತನ್ನ ನಮ್ಮಪ್ಪ ಸಂತ್ಯಾಗ ಹೊಳ್ಳಿನೂ ನೋಡೂದಿಲ್ರಿ.”

ಬಾತಿನ ಪಾದ

ಮೊಣಕಾಲಿನ ಒಳಮಗ್ಗುಲಲ್ಲಿ ಮೂರು ಸ್ನಾಯುಗಳ ತುದಿ ಕೂಡುವ ಜಾಗಕ್ಕೆ ‘ಪೆಸ್ ಆನ್ಸೆರಿನಸ್’ ಎಂದು ಹೆಸರು, ಹೆಬ್ಬಾತಿನ ಪಾದ ಎಂದು ಅರ್ಥ. ಬಾಯಿಪಾಠ ಮಾಡಿ ಬರಲು ಹೇಳಿದ್ದೆ. ನಿಪ್ಪಾಣಿಯ ಜೈನ ವ್ಯಾಪಾರಸ್ಥರ ಹುಡುಗ ಮರುದಿನ ಬರಿಗೈಲಿ ಬಂದ.

“ಪುಸ್ತಕ ಎಲ್ಲೋ?”

“ಅರ್ಥ ಸಮೇತ ಜೋರಾಗಿ ಓದಾಕತ್ತಿದ್ನಿರಿ. ನಮ್ಮ ಆಯಿ ಕೇಳಿ, ಮನ್ಯಾಗ ಮಾಂಸದ ಮಾತೇನು ಅಂದ್ಲು. ಈಗ ಪುಸ್ತಕ ಅಂಗಳದಾಗ ಐತ್ರಿ.”

“ಬರೇ ಲ್ಯಾಟಿನ್ ಓದಪಾ ಹಂಗಾರ.”

“ಅದನ್ನ ಓದಿದ್ರ ಮಂತ್ರ ಅಂತ ಕೈ ಮುಗೀತಾಳ್ರಿ.”

ಹಾರಿಹೋದ ಎಲುಬು

ಚಿಂಚಲಿಯ ಆ ಹುಡುಗಿ ಮೌಖಿಕ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು. ಈ ಸಲವೂ ಹೋದರೆ ವರ್ಷವೇ ಹೋಗುತ್ತಿತ್ತು. ಹಣೆತುಂಬ ಊರದೇವಿ ಮಾಯಕ್ಕನ ಭಂಡಾರದ ಅರಿಶಿನ ಬಳಿದುಕೊಂಡು ಬಂದಳು.

ಹೊರಗಿನಿಂದ ಬಂದ ಪರೀಕ್ಷಕರದು ಗಂಟುಮೋರೆ. ಕಿವಿಯೊಳಗಿನ ಅಕ್ಕಿನುಚ್ಚಿನಷ್ಟು ಎಲುಬನ್ನು ಕಾಗದದ ಮೇಲಿಟ್ಟು, “ಇದರ ಎರಡು ಕಾಲು ತೋರಿಸು,” ಎಂದರು. ಅಷ್ಟರಲ್ಲಿ ಅದು ಫ್ಯಾನಿನ ಗಾಳಿಗೆ ಹಾರಿತು. ಅವರು, ನಾನು, ಜವಾನ ಮೂವರೂ ನೆಲದ ಮೇಲೆ ಅಂಬೆಗಾಲಿಟ್ಟು ಹುಡುಕಿದೆವು. ಸಿಗಲಿಲ್ಲ.

“ಎಲುಬೇ ಇಲ್ಲ, ಇನ್ನೇನು ಕೇಳಲಿ? ಫೇಲು, ಹೋಗು,” ಎಂದರು.

ಹುಡುಗಿ ಅಳುತ್ತ ಅವರ ಬೂಟಿಗೆ ಹಣೆ ಹಚ್ಚಿದಳು. “ಇದೊಂದ್ ಸಲ ಪಾರ್ ಮಾಡ್ರಿ ಸರ.”

ಎದ್ದಳು. ಬೆವರಿಗೆ ತೊಯ್ದ ಭಂಡಾರದ ನಡುವೆ ಅದೇ ಎಲುಬು ಅಂಟಿತ್ತು. ಅಷ್ಟು ಹೊತ್ತು ಅದು ಬೂಟಿನ ಮೇಲೇ ಕುಳಿತಿತ್ತು.

ಪರೀಕ್ಷಕರು ನಗು ನುಂಗಿ, “ಸರಿ, ಹಣೆಯ ಮೇಲಿದೆ. ಈಗ ತೋರಿಸು,” ಎಂದರು.

“ಕನ್ನಡಿ ಇದ್ರ ಕೊಡ್ರಿ ಸರ.”

ಅವರೇ ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು ಹಿಡಿದರು. ಅದನ್ನು ನೋಡಿಕೊಂಡು ಮುಂದಿನ ಕಾಲು, ಹಿಂದಿನ ಕಾಲು ಎರಡನ್ನೂ ತಪ್ಪಿಲ್ಲದೆ ತೋರಿಸಿದಳು. “ಪಾಸು,” ಎಂದರು. ನನಗೆ ಅವಳಿಗಿಂತ ಹೆಚ್ಚು ಖುಷಿಯಾಯಿತು.

ಕಣ್ಣೊರೆಸಿಕೊಂಡು ಅವಳು ಬಾಗಿಲು ದಾಟುತ್ತಿದ್ದಳು. ಜವಾನ ಹಿಂದಿನಿಂದ ಕೂಗಿದ:

“ಯವ್ವಾ, ಪಾಸ್ ಆತಲ್ಲ, ಕಾಲೇಜಿನ ಎಲುಬು ಇಟ್ಟು ಹೋಗವಾ.”